ವಿನ್ಯಾಸದ ಉಡುಪು ತೊಟ್ಟ ಸೈನಿಕ ಕಿರುಪ್ರತಿಮೆಗಳು: ಗಾತ್ರ, ಕಾಲ, ಬಣ್ಣ, ವಿಧಾನ ಇವುಗಳ ಆಯ್ಕೆ

ಐತಿಹಾಸಿಕ ಸೈನಿಕರ ಕಿರುಪ್ರತಿಮೆಗಳಿಗೆ ಬಣ್ಣ ಹಾಕುವವರು ಒಂದಲ್ಲ ಒಂದು ದಿನ ಚೌಕಳಿಯ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಲಂಗ), ಪಟ್ಟೆಪಟ್ಟೆಯ ಷರಾಯಿ ಅಥವಾ ಬುಟ್ಟಾ ತುಂಬಿದ ನಿಲುವಂಗಿಯ ಮುಂದೆ ಬಂದು ನಿಲ್ಲುತ್ತಾರೆ. ಒಂದೇ ಬಣ್ಣದ ಸಮವಸ್ತ್ರಕ್ಕೆ ನೆರಳು ಬೆಳಕು ಕೊಡಲು ಕಲಿತ ಕೈಗೆ ಇದು ಬೇರೆಯೇ ಕೆಲಸ. ಯಾವ ಗಾತ್ರದ ಪ್ರತಿಮೆಯನ್ನು ಆರಿಸಬೇಕು, ಯಾವ ಕಾಲದ ಸೈನಿಕನಿಂದ ಆರಂಭಿಸಬೇಕು, ಆಕ್ರಿಲಿಕ್ ಬಣ್ಣವೋ ಎಣ್ಣೆ ಬಣ್ಣವೋ, ಕುಂಚವೋ ಪೆನ್ನೋ ಡಿಕಾಲೋ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಚಿತ್ರ), ನೆರಳು ಮೊದಲೋ ವಿನ್ಯಾಸ ಮೊದಲೋ ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ಒಂದರ ಉತ್ತರ ಇನ್ನೊಂದನ್ನು ಬದಲಿಸುತ್ತದೆ. ಇವುಗಳನ್ನು ತೂಗಿ ನೋಡುವಾಗ ನಾನು ಒಂದೇ ಅಳತೆಗೋಲನ್ನು ಬಳಸುತ್ತೇನೆ: ಮುಗಿದ ಪ್ರತಿಮೆಯನ್ನು ನೋಡಿದವರಿಗೆ ಮೊದಲು ಬಟ್ಟೆ ಕಾಣಬೇಕು, ವಿನ್ಯಾಸ ಆ ಬಟ್ಟೆಯ ಮೇಲೆ ಇರುವಂತೆ ಕಾಣಬೇಕು. ಎಷ್ಟೇ ಸೂಕ್ಷ್ಮವಾದ ಗೆರೆಗಳಿದ್ದರೂ ಮಡಿಕೆಗಳು ಮರೆಯಾಗಿಬಿಟ್ಟರೆ ಸೈನಿಕನು ಬಣ್ಣದ ಕಾಗದ ಸುತ್ತಿದ ಬೊಂಬೆಯಂತೆ ತೋರುತ್ತಾನೆ.

ಗಾತ್ರ: ಲೆಕ್ಕ ಹಾಕಿ ನೋಡುವುದು ಒಳ್ಳೆಯದು

ನಿಂತ ಸೈನಿಕನ ಎತ್ತರದಿಂದ ಹೆಸರಿಸುವ ಗಾತ್ರಗಳಲ್ಲಿ ಸಾಮಾನ್ಯವಾಗಿ ಸಿಗುವುವು ಮೂರು. ಯುದ್ಧದಾಟಗಳಿಗೆ ಬಳಸುವ 28 ಮಿಲಿಮೀಟರ್ ಪ್ರತಿಮೆಗಳು ಸುಮಾರು 1:60ರ ಪ್ರಮಾಣದವು. ಪ್ರದರ್ಶನಕ್ಕೆಂದೇ ತಯಾರಾಗುವ 54 ಮಿಲಿಮೀಟರ್ ಪ್ರತಿಮೆಗಳು 1:32ರ ಸಮೀಪದವು. 75 ಮಿಲಿಮೀಟರ್ ಪ್ರತಿಮೆಗಳು 1:24ರ ಆಸುಪಾಸಿನವು. ನಿಜವಾದ ಕಿಲ್ಟ್‌ನಲ್ಲಿ ಚೌಕಳಿಯ ಒಂದು ಪೂರ್ಣ ಆವರ್ತನೆ 15 ಸೆಂಟಿಮೀಟರ್ ಇದೆಯೆಂದು ಇಟ್ಟುಕೊಂಡರೆ, ಅದು ಈ ಮೂರು ಗಾತ್ರಗಳಲ್ಲಿ ಕ್ರಮವಾಗಿ ಸುಮಾರು 2.5, 4.7 ಮತ್ತು 6.25 ಮಿಲಿಮೀಟರ್‌ಗೆ ಇಳಿಯುತ್ತದೆ. ಅದೇ ಬಟ್ಟೆಯ ಒಂದು ಸೆಂಟಿಮೀಟರ್ ಅಗಲದ ಗೆರೆ 0.17, 0.31 ಮತ್ತು 0.42 ಮಿಲಿಮೀಟರ್ ಆಗುತ್ತದೆ. ಅಭ್ಯಾಸವಿರುವ ಕೈಗೂ ಕಾಲು ಮಿಲಿಮೀಟರ್‌ಗಿಂತ ತೆಳ್ಳಗಿನ ಗೆರೆಯನ್ನು ಉದ್ದಕ್ಕೂ ಸಮನಾಗಿ ಎಳೆಯುವುದು ಕಷ್ಟ. ಹೀಗಾಗಿ 28 ಮಿಲಿಮೀಟರ್ ಪ್ರತಿಮೆಯಲ್ಲಿ ವಿನ್ಯಾಸವನ್ನು ಇದ್ದದ್ದು ಇದ್ದಂತೆ ನಕಲು ಮಾಡುವ ಮಾತೇ ಇಲ್ಲ. ಅಲ್ಲಿ ನಾವು ಮಾಡುವುದು ಸಂಕ್ಷೇಪ: ಐದು ಗೆರೆಗಳಿದ್ದಲ್ಲಿ ಎರಡು, ಹತ್ತು ಚೌಕಗಳಿದ್ದಲ್ಲಿ ನಾಲ್ಕು. ಗೆರೆಗಳ ಸಂಖ್ಯೆ ಕಡಿಮೆಯಾದರೂ ಅಗಲ ಪಟ್ಟೆಗೂ ಸಣ್ಣ ಗೆರೆಗೂ ಇರುವ ಅನುಪಾತ ಉಳಿದರೆ ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ.

ಸಣ್ಣ ಪ್ರತಿಮೆ ಸುಲಭ, ದೊಡ್ಡದು ಕಷ್ಟ ಎಂಬ ನಂಬಿಕೆಯೂ, ಅದಕ್ಕೆ ವಿರುದ್ಧವಾದ ನಂಬಿಕೆಯೂ ಅರ್ಧ ಸತ್ಯ. ತೋಳಿನಷ್ಟು ದೂರದಿಂದ ನೋಡುವ 28 ಮಿಲಿಮೀಟರ್‌ನ ಇಪ್ಪತ್ತು ಸೈನಿಕರ ಸಾಲಿನಲ್ಲಿ ಒಂದು ಗೆರೆ ಸೊಟ್ಟಗಾದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಇಪ್ಪತ್ತು ಕಿಲ್ಟ್‌ಗಳನ್ನು ಮುಗಿಸುವ ತಾಳ್ಮೆ ಬೇಕು. 75 ಮಿಲಿಮೀಟರ್‌ನಲ್ಲಿ ಕೈಯಾಡಿಸಲು ಜಾಗ ಧಾರಾಳವಾಗಿದ್ದರೂ, ಆ ಜಾಗವೇ ನಮ್ಮಿಂದ ಹೆಚ್ಚಿನದನ್ನು ಕೇಳುತ್ತದೆ: ಪಟ್ಟೆಯ ಅಂಚು ನೇರವಾಗಿರಬೇಕು, ಎರಡು ಬಣ್ಣಗಳು ಸಂಧಿಸುವಲ್ಲಿ ಮೂರನೆಯ ಛಾಯೆ ಬರಬೇಕು, ಉಣ್ಣೆಯ ನೇಯ್ಗೆಯ ಸುಳಿವೂ ಇರಬೇಕು. ಮೊದಲ ಪ್ರಯತ್ನಕ್ಕೆ 54 ಮಿಲಿಮೀಟರ್ ಸೂಕ್ತವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಲ್ಲಿ ನಿಜವಾದ ವಿನ್ಯಾಸವನ್ನು ಹೆಚ್ಚು ಕತ್ತರಿಸದೆ ತೋರಿಸಬಹುದು, ನೇಯ್ಗೆಯ ಗೊಡವೆಗೆ ಹೋಗಬೇಕಾಗಿಲ್ಲ.

ಗಾತ್ರದಷ್ಟೇ ಮುಖ್ಯವಾದದ್ದು ಶಿಲ್ಪಿಯು ಬಟ್ಟೆಯನ್ನು ಹೇಗೆ ಕೆತ್ತಿದ್ದಾನೆ ಎಂಬುದು. ಅಗಲವಾದ, ಮೃದುವಾಗಿ ಇಳಿಬಿದ್ದ ಮೇಲಂಗಿ ಕುಂಚಕ್ಕೆ ಸ್ನೇಹಿತನಿದ್ದಂತೆ. ಗಾಳಿಗೆ ಹಾರಿ ಹತ್ತಾರು ಸುಕ್ಕುಗಳಾದ ಮೇಲಂಗಿ ನೋಡಲು ಚೆಂದ, ಬಣ್ಣ ಹಾಕಲು ಶಿಕ್ಷೆ. ಕೆಲವು ಪ್ರತಿಮೆಗಳಲ್ಲಿ ವಿನ್ಯಾಸವನ್ನೂ ಉಬ್ಬಾಗಿ ಕೆತ್ತಿರುತ್ತಾರೆ. ಇದು ಅನುಕೂಲವೆಂದು ಕಂಡರೂ, ನೇಯ್ದ ವಿನ್ಯಾಸ ಬಟ್ಟೆಯ ಮೇಲೆ ಉಬ್ಬಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ದಪ್ಪ ಕಸೂತಿಗೆ ಉಬ್ಬು ಸರಿ, ಚೌಕಳಿಗೆ ಅದು ಸುಳ್ಳು. ಬಿಳಿಲೋಹದ (ತವರದ ಮಿಶ್ರಲೋಹ) ಪ್ರತಿಮೆಗಿಂತ ರೆಸಿನ್ (ಎರಕ ಹೊಯ್ಯುವ ಪ್ಲಾಸ್ಟಿಕ್) ಪ್ರತಿಮೆಯ ಮೈ ಸಾಮಾನ್ಯವಾಗಿ ನಯವಾಗಿರುವುದರಿಂದ ಸೂಕ್ಷ್ಮ ಗೆರೆಗಳಿಗೆ ರೆಸಿನ್ ಮೇಲು. ಆದರೆ ಅದನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕು, ಆದ್ದರಿಂದ ಮುಖಗವಸು ಹಾಕಿ ನೀರಿನಲ್ಲಿ ನೆನೆಸಿದ ಮರಳುಕಾಗದದಿಂದ ಉಜ್ಜಬೇಕು.

ಯಾವ ಕಾಲದ ಸೈನಿಕ?

ವಿನ್ಯಾಸಗಳನ್ನು ಅವುಗಳ ಕಷ್ಟದ ದೃಷ್ಟಿಯಿಂದ ನೋಡಿದರೆ ಎರಡು ಜಾತಿಗಳು ಕಾಣುತ್ತವೆ. ಒಂದರಲ್ಲಿ ಬಿಡಿಬಿಡಿಯಾದ ಚುಕ್ಕಿ, ಹೂವು, ಬುಟ್ಟಾಗಳಿರುತ್ತವೆ. ಇನ್ನೊಂದರಲ್ಲಿ ಉದ್ದಕ್ಕೂ ಹರಿಯುವ ಗೆರೆಗಳಿರುತ್ತವೆ. ಬಿಡಿ ಬುಟ್ಟಾಗಳಲ್ಲಿ ಒಂದು ತಪ್ಪಿದರೆ ಅದೊಂದನ್ನೇ ತಿದ್ದಬಹುದು. ಗೆರೆಗಳಲ್ಲಿ ಒಂದು ಓರೆಯಾದರೆ ಅದನ್ನು ನೋಡಿ ಎಳೆದ ಮುಂದಿನದೆಲ್ಲ ಓರೆಯಾಗುತ್ತದೆ. ಈ ಕಾರಣಕ್ಕೆ, ಹೊರನೋಟಕ್ಕೆ ಬಹಳ ಅಲಂಕಾರಮಯವಾಗಿ ಕಾಣುವ ಪ್ರಾಚೀನ ಪರ್ಷಿಯಾದ ಸೈನಿಕನು ಸ್ಕಾಟ್ಲೆಂಡಿನ ಸೈನಿಕನಿಗಿಂತ ಸುಲಭ.

ಸೂಸಾ ನಗರದ ಅರಮನೆಯಲ್ಲಿದ್ದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೆರುಗಿನ ಇಟ್ಟಿಗೆಗಳ ಸಾಲುಚಿತ್ರದಲ್ಲಿ ಪರ್ಷಿಯಾದ ದೊರೆ ಮೊದಲನೆಯ ಡೇರಿಯಸ್‌ನ ಕಾಲದ ಬಿಲ್ಲುಗಾರರ ನಿಲುವಂಗಿಗಳು ಸ್ಪಷ್ಟವಾಗಿ ಕಾಣುತ್ತವೆ: ಒಂದೇ ಬಣ್ಣದ ಒಡಲು, ಅದರ ಮೇಲೆ ಸಾಲಾಗಿ ದುಂಡು ಹೂವುಗಳು ಅಥವಾ ಕೋಟೆಯ ಆಕಾರವನ್ನು ಒಳಗೊಂಡ ಚೌಕಗಳು, ಅಂಚಿಗೆ ಬೇರೆ ಪಟ್ಟಿ. 54 ಮಿಲಿಮೀಟರ್‌ನಲ್ಲಿ ಆ ಹೂವು ಒಂದು ದೊಡ್ಡ ಚುಕ್ಕಿಯೊಳಗೆ ಒಂದು ಸಣ್ಣ ಚುಕ್ಕಿಯಾಗುತ್ತದೆ. 28 ಮಿಲಿಮೀಟರ್‌ನಲ್ಲಿ ಒಂದೇ ಚುಕ್ಕಿ ಸಾಕು. 1887ರಲ್ಲಿ ಲೆಬನಾನಿನ ಸೈದಾದಲ್ಲಿ ಪತ್ತೆಯಾಗಿ ಈಗ ಇಸ್ತಾಂಬುಲ್‌ನಲ್ಲಿರುವ ಅಲೆಕ್ಸಾಂಡರ್ ಶವಪೆಟ್ಟಿಗೆಯ ಉಬ್ಬುಶಿಲ್ಪದಲ್ಲಿಯೂ ಪರ್ಷಿಯನ್ನರ ಉಡುಪಿನ ಬಣ್ಣದ ಕುರುಹುಗಳು ಉಳಿದಿವೆ. ಆಧಾರವಿದೆ, ಆದರೆ ಪ್ರತಿಯೊಬ್ಬ ಸೈನಿಕನಿಗೂ ಇಂಥದ್ದೇ ಎಂಬ ಕಟ್ಟುಪಾಡಿಲ್ಲ. ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಸ್ಥಿತಿ ಬೇರೊಂದಿಲ್ಲ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಪದಾತಿಗಳು ತೊಡುತ್ತಿದ್ದ, ಬಬ್ರಿ ಎಂದು ಕರೆಯಲಾಗುವ ಹುಲಿಗುರುತಿನ ಅಂಗಿಯೂ ಇದೇ ಜಾತಿಗೆ ಸೇರಿದ್ದು: ಒಂದು ಒಡಲು, ಅದರ ಮೇಲೆ ಮರುಕಳಿಸುವ ಒಂದೇ ಗುರುತು. ಆ ಗುರುತಿನ ಬಾಗು ಎಲ್ಲ ಕಡೆ ಒಂದೇ ರೀತಿ ಬರುವಂತೆ ಕಾಗದದ ಮೇಲೆ ಮೊದಲು ಕೈ ಪಳಗಿಸಿಕೊಳ್ಳಬೇಕು, ಅಷ್ಟೆ.

1486–87ರ ಸುಮಾರಿಗೆ ಹ್ಯಾಬ್ಸ್‌ಬರ್ಗ್ ದೊರೆ ಮ್ಯಾಕ್ಸಿಮಿಲಿಯನ್‌ನ ಅಡಿಯಲ್ಲಿ ರೂಪುಗೊಂಡ ಜರ್ಮನ್ ಬಾಡಿಗೆ ಸೈನಿಕರಾದ ಲಾಂಡ್ಸ್‌ಕ್ನೆಕ್ಟ್‌ಗಳದು ಇನ್ನೊಂದು ಲೋಕ. ಅವರ ಅಂಗಿ ಷರಾಯಿಗಳನ್ನು ಬೇಕೆಂದೇ ಸೀಳಿ, ಸೀಳಿನೊಳಗಿನಿಂದ ಬೇರೆ ಬಣ್ಣದ ಬಟ್ಟೆ ಉಬ್ಬಿ ಹೊರಬರುವಂತೆ ಹೊಲಿಯುತ್ತಿದ್ದರು. ಒಂದು ಕಾಲು ಪಟ್ಟೆಯದಾದರೆ ಇನ್ನೊಂದು ಕಾಲು ಸಾದಾ. ಪ್ರತಿ ಸೀಳನ್ನೂ ಶಿಲ್ಪಿ ಕೆತ್ತಿಕೊಟ್ಟಿರುವುದರಿಂದ ಕುಂಚಕ್ಕೆ ದಾರಿ ಸಿದ್ಧವಾಗಿರುತ್ತದೆ, ಕೈ ನಡುಗಿದರೂ ಅಂಚು ಹಿಡಿದು ನಿಲ್ಲಿಸುತ್ತದೆ. ಇಲ್ಲಿನ ಕಷ್ಟ ಕೈಯದಲ್ಲ, ಬಣ್ಣದ ಆಯ್ಕೆಯದು. ಇಟಲಿಯಲ್ಲಿ ನಡೆದ 1525ರ ಪಾವಿಯಾ ಕದನದ ಒಂದು ತಂಡಕ್ಕೆ ಬಣ್ಣ ಹಾಕಲು ಹೊರಟವರು ಪ್ರತಿಯೊಬ್ಬನಿಗೂ ಆರೇಳು ಬಣ್ಣ ಬಳಿದು ಕೊನೆಗೆ ಯಾರೂ ಕಣ್ಣಿಗೆ ಹತ್ತದಂತೆ ಮಾಡಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಬ್ಬನಿಗೆ ಮೂರು ಬಣ್ಣ, ಅವುಗಳಲ್ಲಿ ಒಂದು ತಿಳಿಯಾದದ್ದು, ಒಂದು ಗಾಢವಾದದ್ದು ಎಂಬ ಮಿತಿ ಹಾಕಿಕೊಂಡರೆ ಆ ಉಡುಪಿನ ನಿಜವಾದ ಬೆಡಗು ಹೊರಬರುತ್ತದೆ.

ಇನ್ನು ಚೌಕಳಿ. ಸ್ಕಾಟ್ಲೆಂಡಿನ ಹೈಲ್ಯಾಂಡ್ (ಮಲೆಸೀಮೆ) ಸೈನಿಕರನ್ನು ಆರಿಸುವವರು ಮೊದಲು ತೀರ್ಮಾನಿಸಬೇಕಾದದ್ದು ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಎದ್ದ 1745–46ರ ಜಾಕೋಬೈಟ್ ಬಂಡುಕೋರನೋ ಅಥವಾ ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ರೆಜಿಮೆಂಟಿನವನೋ ಎಂಬುದನ್ನು. ಇವೆರಡೂ ಒಂದೇ ಎಂಬಂತೆ ಮಾತನಾಡುವುದುಂಟು, ಆದರೆ ಬಣ್ಣ ಹಾಕುವವರಿಗೆ ಇವು ತೀರ ಬೇರೆ. ಒಂದೊಂದು ಕುಲಕ್ಕೆ ಒಂದೊಂದು ನಿಗದಿತ ಚೌಕಳಿ ಎಂಬ ವ್ಯವಸ್ಥೆ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಬ್ರಿಟನ್ನಿನ ದೊರೆ ನಾಲ್ಕನೆಯ ಜಾರ್ಜ್ 1822ರಲ್ಲಿ ಎಡಿನ್‌ಬರೊಗೆ ಭೇಟಿ ಕೊಟ್ಟದ್ದು ಅದಕ್ಕೆ ದೊಡ್ಡ ಒತ್ತು ಕೊಟ್ಟಿತು. ಜಾಕೋಬೈಟ್ ಬಂಡಾಯಕ್ಕೆ ಕೊನೆ ಹಾಡಿದ ಕಲ್ಲೋಡೆನ್ ಕದನದ ಕುರಿತು ಡೇವಿಡ್ ಮೋರಿಯರ್ ಬರೆದ ವರ್ಣಚಿತ್ರದಲ್ಲಿ ಎಂಟು ಮಂದಿ ಹೈಲ್ಯಾಂಡರುಗಳ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಬಗೆಯ ಚೌಕಳಿಗಳಿವೆ. ಒಬ್ಬನ ಕೋಟು, ಕಾಲುಚೀಲ, ಹೊದಿಕೆಗಳೇ ಪರಸ್ಪರ ಹೊಂದುವುದಿಲ್ಲ. ಆದ್ದರಿಂದ ಜಾಕೋಬೈಟನನ್ನು ಆರಿಸಿದವರು ಕೆಂಪು, ಹಸಿರು, ಕಂದುಗಳ ಯಾವುದೇ ಸರಳ ಚೌಕಳಿಯನ್ನು ತಾವೇ ರೂಪಿಸಬಹುದು, ಗೆರೆಗಳ ಸಂಖ್ಯೆಯನ್ನು ತಮ್ಮ ಕೈಗೆ ತಕ್ಕಂತೆ ಇಟ್ಟುಕೊಳ್ಳಬಹುದು.

ರೆಜಿಮೆಂಟಿನ ಸೈನಿಕನ ವಿಷಯದಲ್ಲಿ ಈ ಸ್ವಾತಂತ್ರ್ಯವಿಲ್ಲ. 1815ರ ವಾಟರ್ಲೂನಲ್ಲಿ ಕಿಲ್ಟ್ ತೊಟ್ಟು ಹೋರಾಡಿದ 42, 79 ಮತ್ತು 92ನೇ ರೆಜಿಮೆಂಟ್‌ಗಳನ್ನೇ ಹೋಲಿಸಿ ನೋಡಬಹುದು. 42ನೆಯದಾದ ಬ್ಲ್ಯಾಕ್ ವಾಚ್‌ನದು ಕಡುನೀಲಿ, ಹಸಿರು, ಕಪ್ಪುಗಳ ಚೌಕಳಿ; ಬಣ್ಣಗಳ ನಡುವಣ ಅಂತರ ಕಡಿಮೆಯಾದ್ದರಿಂದ ತಪ್ಪುಗಳು ಅಡಗುತ್ತವೆ, ಆದರೆ ಸ್ವಲ್ಪ ದೂರ ಸರಿದರೆ ಇಡೀ ಕಿಲ್ಟ್ ಒಂದು ಕಪ್ಪು ಮುದ್ದೆಯಾಗುತ್ತದೆ. ನಿಜವಾದ ಬಟ್ಟೆಗಿಂತ ಎರಡು ಮೆಟ್ಟಿಲು ತಿಳಿಯಾದ ನೀಲಿ, ಹಸಿರುಗಳನ್ನು ಬಳಸದೆ ಬೇರೆ ದಾರಿಯಿಲ್ಲ. 92ನೆಯದಾದ ಗಾರ್ಡನ್ ಹೈಲ್ಯಾಂಡರ್ಸ್‌ನದು ಅದೇ ಚೌಕಳಿಯ ಮೇಲೆ ಒಂದು ಹಳದಿ ಗೆರೆ. ಆ ಒಂದು ಗೆರೆ ಇಡೀ ಉಡುಪಿಗೆ ಜೀವ ತುಂಬುತ್ತದೆ, ಆದರೆ ಅದೇ ಗೆರೆ ಕೈಯ ನಡುಕವನ್ನು ಎಲ್ಲರಿಗೂ ಸಾರುತ್ತದೆ. 79ನೆಯದಾದ ಕ್ಯಾಮರಾನ್ ಹೈಲ್ಯಾಂಡರ್ಸ್‌ನಲ್ಲಿ ಕೆಂಪು ಹಾಗೂ ಹಳದಿ ಎರಡೂ ಗೆರೆಗಳಿವೆ. 28 ಮಿಲಿಮೀಟರ್‌ನಲ್ಲಿ ಅವೆರಡನ್ನೂ ತೋರಿಸಲು ಹೋದರೆ ಒಡಲಿಗೆ ಜಾಗವೇ ಉಳಿಯುವುದಿಲ್ಲ. ಮೂರರಲ್ಲಿ ಒಂದನ್ನು ಆರಿಸು ಎಂದರೆ ನಾನು 92ನ್ನು ಆರಿಸುತ್ತೇನೆ. ಅದರ ಕಿಲ್ಟ್‌ನ ಹಿಂಬದಿಯಲ್ಲಿ ನೆರಿಗೆಗಳನ್ನು ಪ್ರತಿಯೊಂದರ ಮೇಲೂ ಹಳದಿ ಗೆರೆ ಬರುವಂತೆ ಹಿಡಿಯುವುದರಿಂದ, ಬಣ್ಣ ಹಾಕುವಾಗ ನೆರಿಗೆಗೊಂದು ಲಂಬ ಗೆರೆ ಎಳೆದು, ಅಡ್ಡಗೆರೆಗಳನ್ನು ನೆರಿಗೆಯ ಉಬ್ಬಿನ ಮೇಲಷ್ಟೇ ಮುಟ್ಟಿಸಿದರೆ ಸಾಕು. ಪೂರ್ಣ ಚೌಕಳಿ ಬೇಕಾಗುವುದು ಮುಂಬದಿಯ ಸಪಾಟು ಭಾಗದಲ್ಲಿ ಮಾತ್ರ.

ಪ್ರಾಚೀನ ಫ್ರಾನ್ಸ್ ಪ್ರದೇಶದ ಗಾಲ್ ಜನರ ಚೌಕಳಿಯ ಮೇಲಂಗಿಗಳಿಗೆ ಕ್ರಿ.ಪೂ. ಮೊದಲ ಶತಮಾನದ ಗ್ರೀಕ್ ಇತಿಹಾಸಕಾರ ಡಿಯೊಡೋರಸ್‌ನ ವರ್ಣನೆಯ ಆಧಾರವಿದೆ. ಜಾಕೋಬೈಟನ ವಿಷಯದಲ್ಲಿ ಹೇಳಿದ್ದೆಲ್ಲ ಅವರಿಗೂ ಅನ್ವಯಿಸುತ್ತದೆ, ಗೆರೆಗಳು ಇನ್ನೂ ಒರಟಾಗಿದ್ದರೂ ನಡೆಯುತ್ತದೆ.

20ನೇ ಶತಮಾನದ ಮರೆಮಾಚು ಉಡುಪುಗಳಲ್ಲಿಯೂ ಸುಲಭ ಕಷ್ಟಗಳ ಅಂತರ ದೊಡ್ಡದು. ಎರಡನೆಯ ಮಹಾಯುದ್ಧದ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳ ಡೆನಿಸನ್ ಅಂಗಿಯ ಆರಂಭದ ಮಾದರಿಗಳಲ್ಲಿ ಬಣ್ಣವನ್ನು ದೊಡ್ಡ ಕುಂಚಗಳಿಂದ ಕೈಯಲ್ಲೇ ಬಳಿದಿದ್ದರು. ಹೀಗಾಗಿ ನಮ್ಮ ಕುಂಚದ ಒಣ ಅಂಚು, ಹರಿದ ಕೊನೆ ಇವೆಲ್ಲ ಇಲ್ಲಿ ದೋಷವಲ್ಲ, ಸತ್ಯಕ್ಕೆ ಹತ್ತಿರ. ಜರ್ಮನ್ನರ 1944ರ ಬಟಾಣಿ ಚುಕ್ಕಿಗಳ ವಿನ್ಯಾಸಕ್ಕೆ ತಾಳ್ಮೆ ಬೇಕು, ಕೌಶಲ ಅಷ್ಟಾಗಿ ಬೇಡ. 1931ರ ಡೇರೆಬಟ್ಟೆಯಿಂದ ಬಂದ ಚೂಪು ಕೋನಗಳ ಸ್ಪ್ಲಿಂಟರ್ ವಿನ್ಯಾಸ ಮಾತ್ರ ನಿಜಕ್ಕೂ ಕಠಿಣ: ಪ್ರತಿ ತುಂಡಿನ ಅಂಚೂ ನೇರವಾಗಿರಬೇಕು, ಅದರ ಮೇಲೆ ಮಳೆಹನಿಯಂಥ ಸಣ್ಣ ಗೆರೆಗಳು. 54 ಮಿಲಿಮೀಟರ್‌ಗಿಂತ ಕೆಳಗೆ ಆ ಮಳೆಗೆರೆಗಳನ್ನು ಬಿಟ್ಟುಬಿಡುವುದೇ ಮೇಲು.

ಆಕ್ರಿಲಿಕ್, ಎಣ್ಣೆ, ಎನಾಮೆಲ್

ಆಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ನೀರಿನಲ್ಲಿ ತೆಳುವಾಗುತ್ತದೆ, ಒಣಗಿದ ಮೇಲೆ ಮತ್ತೆ ಕರಗುವುದಿಲ್ಲ. ಒಂದರ ಮೇಲೊಂದು ಪದರ ಹಾಕಬೇಕಾದ ಚೌಕಳಿಗೆ ಈ ಗುಣವೇ ಬೇಕು. ಆದರೆ ಅದೇ ವೇಗ ಕುಂಚದ ತುದಿಯಲ್ಲಿಯೂ ಕೆಲಸ ಮಾಡುವುದರಿಂದ, ಬಣ್ಣವು ಪ್ರತಿಮೆಯನ್ನು ಮುಟ್ಟುವ ಮೊದಲೇ ಗಟ್ಟಿಯಾಗತೊಡಗುತ್ತದೆ. ಒದ್ದೆ ಪ್ಯಾಲೆಟ್ (ಬಣ್ಣ ಒಣಗದಂತೆ ಅಡಿಯಲ್ಲಿ ತೇವ ಇರಿಸಿದ ಬಣ್ಣದ ತಟ್ಟೆ) ಮತ್ತು ಒಣಗುವಿಕೆಯನ್ನು ತಡಮಾಡುವ ದ್ರವದ ಒಂದು ಹನಿ ಇದಕ್ಕೆ ಪರಿಹಾರ.

ಎಣ್ಣೆ ಬಣ್ಣದ ಬಲ ನೆರಳು ಬೆಳಕುಗಳನ್ನು ಬೆಸೆಯುವುದರಲ್ಲಿದೆ. ಮಖಮಲ್ಲು, ರೇಷ್ಮೆಗಳ ಆಳ ಅದರಲ್ಲಿ ಬರುವಷ್ಟು ಸಹಜವಾಗಿ ಬೇರೆಯದರಲ್ಲಿ ಬರುವುದಿಲ್ಲ. ಒಣಗಲು ದಿನಗಳು ಬೇಕು; ಅಂಬರ್‌ನಂಥ ಮಣ್ಣಿನ ಬಣ್ಣಗಳು ಬೇಗ, ಟೈಟಾನಿಯಂ ಬಿಳಿ ನಿಧಾನ. ಹೆಚ್ಚಿನವರು ಗಮನಿಸದ ಒಂದು ಅನುಕೂಲ ಇದಕ್ಕಿದೆ. ಚೆನ್ನಾಗಿ ಒಣಗಿದ ಆಕ್ರಿಲಿಕ್ ಒಡಲಿನ ಮೇಲೆ ವಾರ್ನಿಷ್ ಲೇಪಿಸಿ, ಅದರ ಮೇಲೆ ಎಣ್ಣೆ ಅಥವಾ ಎನಾಮೆಲ್ ಬಣ್ಣದಿಂದ ವಿನ್ಯಾಸ ಬರೆದರೆ, ತಪ್ಪಿದ ಗೆರೆಯನ್ನು ವೈಟ್ ಸ್ಪಿರಿಟ್‌ನಲ್ಲಿ (ಎಣ್ಣೆ ಬಣ್ಣ ಕರಗಿಸುವ ದ್ರವ) ಅದ್ದಿದ ಕುಂಚದಿಂದ ಒರೆಸಿ ತೆಗೆಯಬಹುದು, ಕೆಳಗಿನ ಒಡಲಿಗೆ ಏನೂ ಆಗುವುದಿಲ್ಲ. ಅಳುಕಿನ ಕೈಗೆ ಇದು ದೊಡ್ಡ ಧೈರ್ಯ. ಎಣ್ಣೆ ಬಣ್ಣವನ್ನು ರಟ್ಟಿನ ತುಂಡಿನ ಮೇಲೆ ಒಂದೆರಡು ಗಂಟೆ ಇಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಸಿದರೆ ಹೊಳಪೂ ಕಡಿಮೆಯಾಗುತ್ತದೆ. ತದ್ವಿರುದ್ಧವಾಗಿ, ಎಣ್ಣೆಯ ಮೇಲೆ ಆಕ್ರಿಲಿಕ್ ಹಾಕಬಾರದು. ಅದು ಹಿಡಿದು ನಿಲ್ಲುವುದಿಲ್ಲ. ಎನಾಮೆಲ್ ಇವೆರಡರ ನಡುವಿನದು: ವಾಸನೆ ಹೆಚ್ಚು, ಹಗಲಿಡೀ ಬಳಸಬೇಕಾದವರಿಗೆ ಗಾಳಿಯಾಡುವ ಕೋಣೆ ಬೇಕೇ ಬೇಕು. ಒಟ್ಟು ಕೆಲಸಕ್ಕೆ ನನ್ನ ಆಯ್ಕೆ ಆಕ್ರಿಲಿಕ್. ರೇಷ್ಮೆಯ ಮೇಲಿನ ಬುಟ್ಟಾಗಳಿಗೆ ಮತ್ತು ತೀರ ತೆಳ್ಳಗಿನ ಕೊನೆಯ ಗೆರೆಗಳಿಗೆ ಎಣ್ಣೆ.

ಕುಂಚ, ಪೆನ್ನು, ಡಿಕಾಲ್

ಸಣ್ಣ ಗೆರೆಗೆ ಸಣ್ಣ ಕುಂಚ ಎಂದು ಮೂರು ಸೊನ್ನೆಯ (000 ಸಂಖ್ಯೆಯ, ಬಹಳ ಸಣ್ಣ) ಕುಂಚವನ್ನು ಹುಡುಕುವುದು ಬಹುಮಂದಿಯ ಮೊದಲ ತಪ್ಪು. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದೇ ಇಲ್ಲ. ಅರ್ಧ ಗೆರೆಗೆ ಒಣಗುತ್ತದೆ. ಕೊಲಿನ್‌ಸ್ಕಿ ಎಂಬ ಪ್ರಾಣಿಯ ಕೂದಲಿನ, ತುದಿ ಚೂಪಾಗಿ ಕೂಡುವ 0 ಅಥವಾ 1ನೇ ಸಂಖ್ಯೆಯ ಕುಂಚ ಒಂದೇ ಉಸಿರಿನಲ್ಲಿ ಕಿಲ್ಟ್‌ನ ಮೇಲಿಂದ ಕೆಳಗಿನವರೆಗೆ ಗೆರೆ ಎಳೆಯಬಲ್ಲದು. ಕುಂಚದ ದೊಡ್ಡ ಗುಣವೆಂದರೆ ಮಡಿಕೆಯನ್ನು ಇಳಿದು ಹತ್ತುವಾಗ ಒತ್ತಡವನ್ನು ಬದಲಿಸಬಹುದು; ಬಟ್ಟೆ ಬಾಗಿದಲ್ಲಿ ಗೆರೆಯೂ ಬಾಗುತ್ತದೆ.

ಪೆನ್ನಿನಲ್ಲಿ ಗೆರೆಯ ಅಗಲ ನಿಶ್ಚಿತ. ಪಿಗ್ಮಾ ಮೈಕ್ರಾನ್ ಸರಣಿಯ 005 ಪೆನ್ನು 0.20 ಮಿಲಿಮೀಟರ್ ಗೆರೆ ಕೊಡುತ್ತದೆ; ಕಪ್ಪು, ಕಂದು, ಕಡುನೀಲಿ ಗೆರೆಗಳಿಗೆ ಇದು ಬಹಳ ಉಪಯುಕ್ತ. ಆದರೆ ಕಡು ಒಡಲಿನ ಮೇಲೆ ತಿಳಿ ಗೆರೆ ಎಳೆಯಲು ಅದರ ಶಾಯಿಗೆ ಮುಚ್ಚುವ ಶಕ್ತಿಯಿಲ್ಲ, ಆಳವಾದ ಮಡಿಕೆಯೊಳಗೆ ಅದರ ಗಟ್ಟಿ ತುದಿ ಇಳಿಯುವುದಿಲ್ಲ, ಒರಟು ಮೈಯ ಮೇಲೆ ತುದಿ ಬೇಗ ಸವೆಯುತ್ತದೆ. ಹಳದಿ ಗೆರೆಯ ಗಾರ್ಡನ್ ಕಿಲ್ಟ್‌ಗೆ ಪೆನ್ನು ನಿರುಪಯೋಗಿ; ತಿಳಿ ನಾರುಬಟ್ಟೆಯ ಮೇಲಿನ ಸಣ್ಣ ಚೌಕಳಿಗೆ ಕುಂಚಕ್ಕಿಂತ ಮೇಲು.

ಡಿಕಾಲ್ ಬಗ್ಗೆ ನನಗೆ ಗೌರವವಿದೆ, ಆದರೆ ಅದರ ಜಾಗ ಬೇರೆ. ಗುರಾಣಿ, ಬಾವುಟ, ಎದೆಯ ಲಾಂಛನಗಳಂಥ ಸಪಾಟು ಅಥವಾ ಒಂದೇ ದಿಕ್ಕಿಗೆ ಬಾಗಿದ ಮೈಗೆ ಅದು ಕೈಬರಹಕ್ಕಿಂತ ಶುದ್ಧವಾದ ಫಲ ಕೊಡುತ್ತದೆ. ಎರಡು ದಿಕ್ಕಿಗೂ ಬಾಗಿದ ಭುಜ, ನೆರಿಗೆಗಳ ಸಾಲು ಇವುಗಳ ಮೇಲೆ ಮೆದುಗೊಳಿಸುವ ದ್ರಾವಣವನ್ನು ಎಷ್ಟು ಸವರಿದರೂ ಡಿಕಾಲ್ ಸುಕ್ಕುಗಟ್ಟುತ್ತದೆ ಇಲ್ಲವೇ ಹರಿಯುತ್ತದೆ. ಬಳಸುವುದಾದರೆ ಮೊದಲು ಹೊಳಪಿನ ವಾರ್ನಿಷ್ ಹಚ್ಚಿ, ಡಿಕಾಲ್ ಕೂತ ಮೇಲೆ ಅದರ ಮೇಲೂ ನೆರಳು ಬೆಳಕಿನ ತೆಳು ಪದರಗಳನ್ನು ಎಳೆಯಬೇಕು. ಅದನ್ನು ಮಾಡದಿದ್ದರೆ ಡಿಕಾಲ್ ಎಂದೆಂದಿಗೂ ಅಂಟಿಸಿದ ಚೀಟಿಯಾಗಿಯೇ ಉಳಿಯುತ್ತದೆ.

ನೆರಳು ಮೊದಲೋ, ವಿನ್ಯಾಸ ಮೊದಲೋ

ಇಲ್ಲಿ ಎರಡು ಪಂಥಗಳಿವೆ. ಮೊದಲನೆಯದರಲ್ಲಿ ಒಡಲಿನ ಬಣ್ಣಕ್ಕೆ ನೆರಳು ಬೆಳಕನ್ನು ಪೂರ್ತಿಯಾಗಿ ಕೊಟ್ಟು, ಆಮೇಲೆ ವಿನ್ಯಾಸ ಬರೆದು, ಪ್ರತಿ ಗೆರೆಯನ್ನೂ ಮಡಿಕೆಯ ಉಬ್ಬಿನಲ್ಲಿ ತಿಳಿಗೊಳಿಸಿ ತಗ್ಗಿನಲ್ಲಿ ಕಡುಗೊಳಿಸುತ್ತಾರೆ. ಎರಡನೆಯದರಲ್ಲಿ ಸಾದಾ ಒಡಲಿನ ಮೇಲೆ ವಿನ್ಯಾಸ ಮುಗಿಸಿ, ಬಣ್ಣದ ಒಂದು ಪಾಲಿಗೆ ಐದಾರು ಪಾಲು ನೀರು ಬೆರೆಸಿದ ಪಾರದರ್ಶಕ ಪದರಗಳಿಂದ ತಗ್ಗುಗಳನ್ನು ಒಟ್ಟಿಗೇ ಕಡುಗೊಳಿಸುತ್ತಾರೆ. ಮೊದಲ ಕ್ರಮ ಹೆಚ್ಚು ಸ್ವಚ್ಛ. ದೊಡ್ಡ ಪ್ರತಿಮೆಗೆ, ಬಿಡಿ ಬುಟ್ಟಾಗಳಿಗೆ ಅದೇ ಸರಿ. ಎರಡನೆಯದು ಎಲ್ಲ ಬಣ್ಣಗಳನ್ನೂ ಒಂದೇ ನೆರಳಿನೊಳಗೆ ತಂದು ಒಂದೇ ಬಟ್ಟೆಯಾಗಿ ಕಟ್ಟುತ್ತದೆ. 28 ಮಿಲಿಮೀಟರ್‌ಗೆ, ಎಲ್ಲ ಗಾತ್ರದ ಚೌಕಳಿಗೆ ಮತ್ತು ಮರೆಮಾಚು ಉಡುಪಿಗೆ ನಾನು ಇದನ್ನೇ ಒಪ್ಪುತ್ತೇನೆ. ನೆರಳಿಗೆ ಶುದ್ಧ ಕಪ್ಪನ್ನು ಬಳಸಬಾರದು. ಕೆಂಪು ಚೌಕಳಿಗೆ ಕಡುಕಂದು, ಹಸಿರು ನೀಲಿಗಳಿಗೆ ಕಡುನೀಲಿ ಸರಿಹೊಂದುತ್ತದೆ.

ಚೌಕಳಿಯನ್ನು ಹಾಕುವಾಗ ಮಗ್ಗವನ್ನು ನೆನೆದುಕೊಂಡರೆ ಅರ್ಧ ಗೊಂದಲ ತೀರುತ್ತದೆ. ಹಾಸಿನಲ್ಲೂ ಹೊಕ್ಕಿನಲ್ಲೂ ಒಂದೇ ಬಣ್ಣದ ನೂಲು ಸೇರಿದ ಚೌಕದಲ್ಲಿ ಮಾತ್ರ ಆ ಬಣ್ಣ ಶುದ್ಧವಾಗಿ ಕಾಣುತ್ತದೆ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹಾದುಹೋದಲ್ಲಿ ಎರಡರ ಮಿಶ್ರಣ ಕಾಣುತ್ತದೆ. ಆದ್ದರಿಂದ ಕೆಂಪು ಒಡಲಿನ ಮೇಲೆ ಹಸಿರನ್ನು ತೆಳುವಾಗಿ, ಕೆಳಗಿನ ಕೆಂಪು ತುಸು ಇಣುಕುವಂತೆ ಅಡ್ಡಕ್ಕೂ ಉದ್ದಕ್ಕೂ ಎಳೆದರೆ, ಎರಡು ಹಸಿರು ಪಟ್ಟೆಗಳು ಕೂಡುವ ಚೌಕ ತಾನಾಗಿಯೇ ಗಾಢವಾಗುತ್ತದೆ. 54 ಮತ್ತು 75 ಮಿಲಿಮೀಟರ್‌ನಲ್ಲಿ ಆ ಚೌಕವನ್ನು ಶುದ್ಧ ಹಸಿರಿನಿಂದ ಇನ್ನೊಮ್ಮೆ ಮುಟ್ಟಬೇಕು. 28ರಲ್ಲಿ ಒಂದು ಗಾಢ ಚುಕ್ಕಿ ಸಾಕು. ತೆಳು ಹಳದಿ ಅಥವಾ ಬಿಳಿ ಗೆರೆಗಳು ಎಲ್ಲಕ್ಕಿಂತ ಕೊನೆಗೆ, ನೆರಳಿನ ಪದರಗಳೂ ಒಣಗಿದ ಮೇಲೆ. ಮೊದಲ ಲಂಬ ಗೆರೆಯನ್ನು ಉಡುಪಿನ ನಟ್ಟನಡುವೆ ಎಳೆದು ಅಲ್ಲಿಂದ ಎರಡೂ ಕಡೆಗೆ ಸಾಗುವುದು ಒಳ್ಳೆಯದು, ಏಕೆಂದರೆ ಅಳತೆಯ ತಪ್ಪು ಸೇರುತ್ತ ಹೋಗಿ ಕೊನೆಗೆ ಕೈಯ ಅಡಿಯಲ್ಲೋ ಚೀಲದ ಹಿಂದೆಯೋ ಅಡಗುತ್ತದೆ. ಗೆರೆಯು ಆಳವಾದ ಮಡಿಕೆಯನ್ನು ದಾಟುವಲ್ಲಿ ಅದನ್ನು ನೇರವಾಗಿ ಎಳೆಯದೆ, ತಗ್ಗಿನಲ್ಲಿ ತುಂಡರಿಸಿ, ಆಚೆ ಬದಿಯಲ್ಲಿ ಕೂದಲೆಳೆಯಷ್ಟು ಸರಿಸಿ ಮುಂದುವರಿಸಬೇಕು. ಒಳಗೆ ಮಡಿದುಹೋದ ಬಟ್ಟೆ ಅಷ್ಟು ವಿನ್ಯಾಸವನ್ನು ನುಂಗಿರುತ್ತದೆ.

ವಾರ್ನಿಷ್ ಆರಿಸುವಾಗಲೂ ಬಟ್ಟೆಯನ್ನೇ ಕೇಳಬೇಕು. ಉಣ್ಣೆಗೆ ಪೂರ್ತಿ ಮಂಕಾದದ್ದು, ರೇಷ್ಮೆಗೆ ಅರೆಹೊಳಪಿನದು. ಒಂದೇ ಪ್ರತಿಮೆಯಲ್ಲಿ ಎರಡೂ ಇದ್ದರೆ ಮೊದಲು ಮಂಕನ್ನು ಸಿಂಪಡಿಸಿ, ರೇಷ್ಮೆಯ ಭಾಗಕ್ಕೆ ಮಾತ್ರ ಅರೆಹೊಳಪನ್ನು ಕುಂಚದಿಂದ ಹಚ್ಚಬೇಕು. ಪೆನ್ನಿನ ಗೆರೆಗಳಿರುವ ಪ್ರತಿಮೆಗೆ ಕುಂಚದಿಂದ ವಾರ್ನಿಷ್ ಎಳೆದರೆ ಶಾಯಿ ಹರಡುವ ಅಪಾಯವಿರುವುದರಿಂದ, ಅಂಥದ್ದಕ್ಕೆ ದೂರದಿಂದ ತೆಳುವಾದ ಎರಡು ಮೂರು ಸಿಂಚನಗಳನ್ನು, ಪ್ರತಿಯೊಂದೂ ಒಣಗಿದ ಮೇಲೆ ಮುಂದಿನದು ಎಂಬಂತೆ ಕೊಡಬೇಕು. ಬಳಸುವ ಮೊದಲು ಅದೇ ಪೆನ್ನಿನ ಗೆರೆಯನ್ನು ಅದೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಬಳಿದ ಪ್ಲಾಸ್ಟಿಕ್ ತುಂಡಿನ ಮೇಲೆ ಎಳೆದು ವಾರ್ನಿಷ್ ಸಿಂಪಡಿಸಿ ನೋಡಿಕೊಳ್ಳಬೇಕು.